ಇಪ್ಪತ್ತಾರನೆಯ ನಂಬರಿನ ಆಟಗಾರ

ಯಾರಾದರೂ ತನ್ನನ್ನು ಸರಿಯಾಗಿ ಬೈದಿದ್ದರೆ ಚೆನ್ನಾಗಿತ್ತು ಎಂದು ಸಿಲ್ವೆಸ್ಟರನಿಗೆ ಆ ಶುಕ್ರವಾರ, ಕುವೈತಿನ ವಾರದ ರಜೆಯ ದಿನ, ಎದ್ದಾಗಿನಿಂದ ಅನ್ನಿಸುತ್ತಿತ್ತು. ಬೈಯುವವರು ಸಿಗಲಿಲ್ಲ. ಈ ವಿಷಯದಲ್ಲಿ ಎಂದೂ ಜಿಪುಣತನ ಮಾಡದ ಹೆಂಡತಿ ಇಸಾಬೆಲ್ ಕೂಡ ಮಗಳನ್ನು ಕರೆದುಕೊಂಡು ಇಗರ್ಜಿಗೆ ಹೊರಡುವ ಗಡಿಬಿಡಿಯಲ್ಲಿ, "ನೀವು ಪೂಜೆಗೆ ಬರುದಿಲ್ಲ ಅಂತ ದೇವರಿಗೂ ಗೊತ್ತುಂಟು. ಫ್ರಿಜ್ಜಲ್ಲಿ ಬಂಗುಡೆ ಸಾರುಂಟು, ಬಿಸಿ ಮಾಡಿ ಊಟ ಮಾಡಿ ಹೋಗಿ" ಎಂದಷ್ಟೇ ಹೇಳಿ ಬಾಗಿಲೆಳೆದುಕೊಂಡಿದ್ದಳು. ಅವನು ಕನ್ನಡಿಯ ಮುಂದೆ ನಿಂತು ಹಸಿರು ಜೆರ್ಸಿ ತೊಟ್ಟುಕೊಂಡ. ಹೊಟ್ಟೆಯ ಹತ್ತಿರ ಜೆರ್ಸಿಗೆ ತನ್ನದೇ ಅಭಿಪ್ರಾಯವಿತ್ತು. ಹವಲ್ಲಿಯ ಹಳೆಯ ಕಟ್ಟಡವೊಂದರ ಫ್ಲ್ಯಾಟಿನಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಹರ್ಲಿಂಗ್ ಎಂಬ ಐರ್ಲೆಂಡಿನ ಆಟದ ಅಂಗಿ ತೊಟ್ಟು ನಿಂತ ಕಿನ್ನಿಗೋಳಿ ಕಡೆಯ ಮನುಷ್ಯ ಇಡೀ ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು ಎಂಬ ಹೆಮ್ಮೆ ಹೋದ ವಾರದವರೆಗೂ ಅವನಿಗಿತ್ತು. ಇವತ್ತು ಕನ್ನಡಿಯಲ್ಲಿ ಕಂಡದ್ದು, ಯಾರದೋ ಮದುವೆಗೆ ಯಾರದೋ ಕೋಟು ಹಾಕಿಕೊಂಡು ಬಂದವನ ಮುಖ. ಆ ಮುಖಕ್ಕೆ ಸ್ವಲ್ಪ ಪೌಡರು ಹಚ್ಚಿದ. ಯಾಕೆ ಹಚ್ಚಿದೆ ಎಂದು ಲಿಫ್ಟಿನಲ್ಲಿ ಯೋಚಿಸಿ ಒರೆಸಿಕೊಂಡ.

ರುಮೈಥಿಯಾದ ಬಕಾಲಾ ಎಂಬ ದಿನಸಿ ಅಂಗಡಿಯ ಮುಂದೆ ಫಿಂಟನ್ ಆಗಲೇ ಬಂದು ನಿಂತಿದ್ದ. ಬೋಳು ತಲೆ, ಕೆಂಚು ಗಡ್ಡ, ಎರಡೂ ಮೊಣಕಾಲಿಗೆ ಪಟ್ಟಿ. ಕಂಕುಳಲ್ಲಿ ಮರದ ಬ್ಯಾಟುಗಳ ಒಂದು ಕಟ್ಟು. ತುದಿಯಲ್ಲಿ ಸೌಟಿನ ಹಾಗೆ ಅಗಲವಾಗುವ ಆ ಬ್ಯಾಟಿಗೆ ಅವರ ಕಡೆ ಹರ್ಲಿ ಎನ್ನುತ್ತಾರೆ. ಸೌಟು ಎಂದವನು ಸುಕೇಶ, ಶಾಲೆಯ ಸ್ಟೋರಿನವನು. ಐರ್ಲೆಂಡಿನವರು ಪಾಯಸ ಬಡಿಸುತ್ತಾ ಬಡಿಸುತ್ತಾ ಜಗಳವಾಗಿ ಈ ಆಟ ಹುಟ್ಟಿರಬೇಕು ಎಂಬುದು ಅವನ ಸಂಶೋಧನೆ. ಫಿಂಟನ್ ಊರಿಗೆ ಹೊರಟವನು, ಕಾರು ಮಾರಿಯಾಗಿತ್ತು. ಹಾಗಾಗಿ ಕುವೈತಿನಲ್ಲಿ ಅವನ ಕೊನೆಯ ಪಂದ್ಯಕ್ಕೆ ಅವನನ್ನು ವಫ್ರಾದವರೆಗೆ ಕರೆದುಕೊಂಡು ಹೋಗುವ ಭಾಗ್ಯ ಸಿಲ್ವೆಸ್ಟರನದು. ಅದನ್ನು ಅವನೇ ಕೇಳಿ ಪಡೆದದ್ದು. ಆಗಿನ್ನೂ ಆ ಸೋಮವಾರ ಬಂದಿರಲಿಲ್ಲ. "ಗುಡ್ ಮಾರ್ನಿಂಗ್, ಸಿಲ್" ಎಂದು ಫಿಂಟನ್ ಕೂತು, ಸೀಟು ಹಿಂದಕ್ಕೆ ತಳ್ಳಿ, ಒಂದು ಬಾಳೆಹಣ್ಣು ಮುರಿದು ಕೊಟ್ಟ. ಸಿಲ್ವೆಸ್ಟರ್ ಆ ಬಾಳೆಹಣ್ಣಿನಲ್ಲಿ ಸಿಟ್ಟು ಇದೆಯೇ ಎಂದು ಹುಡುಕಿದ. ಬರೀ ಬಾಳೆಹಣ್ಣು. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಆದರೂ ಫಿಂಟನ್‌ನ ಬಾಯಿಂದ ಬಂದದ್ದು ಸಿಲ್ವೆಸ್ಟರನ ಕಿವಿಗೆ ನೀನು ಎಂದೇ ಬೀಳುತ್ತಿತ್ತು, ಸಿಲ್ವೆಸ್ಟರನ ಬಾಯಿಂದ ಹೊರಟದ್ದು ನೀವು ಆಗಿಯೇ ಹೊರಡುತ್ತಿತ್ತು. ನಾಲ್ಕು ವರ್ಷ ಒಟ್ಟಿಗೆ ಆಡಿದರೂ ಮಿಸ್ಟರ್ ಎಂಬುದು ನಾಲಿಗೆಯಿಂದ ಕಳಚಿರಲಿಲ್ಲ. "ಥ್ಯಾಂಕ್ಯೂ, ಮಿಸ್ಟರ್ ಫಿಂಟನ್" ಎಂದ.

ಎಲ್ಲ ಶುರುವಾದದ್ದು ಒಂದು ಫೋಟೋದಿಂದ. ಫಿಂಟನ್ ಶಾಲೆಗೆ ವ್ಯಾಯಾಮದ ಮೇಷ್ಟ್ರಾಗಿ ಬಂದ ವರ್ಷ ಅಸೆಂಬ್ಲಿಯಲ್ಲಿ ಅವನನ್ನು ಪರಿಚಯಿಸುವ ಕೆಲಸ ಆಡಳಿತ ಸಹಾಯಕ ಸಿಲ್ವೆಸ್ಟರನ ಪಾಲಿಗೆ ಬಂದಿತ್ತು. ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಒಂದು ಗುಂಪು ಚಿತ್ರ ಸಿಕ್ಕಿತು. ದೊಡ್ಡ ಬೆಳ್ಳಿ ಕಪ್ಪು, ಕೆಸರು ಮೆತ್ತಿದ ಗಂಡಸರು, ಹಿಂದಿನ ಸಾಲಿನ ಅಂಚಿನಲ್ಲಿ ಕೂದಲಿದ್ದ ಕಾಲದ ಫಿಂಟನ್. ಎಲ್ಲರಿಗೂ ಕೆಸರು ಮೆತ್ತಿದ್ದಾಗ ಅವನೊಬ್ಬನ ಚಡ್ಡಿ ಮಾತ್ರ ಇಸ್ತ್ರಿ ಮಾಡಿದಂತೆ ಇತ್ತು ಎಂಬುದನ್ನು ಗಮನಿಸುವ ವ್ಯವಧಾನ ಯಾರಿಗಿದೆ? "ಐರ್ಲೆಂಡಿನ ರಾಷ್ಟ್ರೀಯ ಚಾಂಪಿಯನ್, ಫೈನಲ್‌ನ ಹೀರೋ ಈಗ ನಮ್ಮ ಶಾಲೆಯಲ್ಲಿ!" ಎಂದು ಸಿಲ್ವೆಸ್ಟರ್ ಮೈಕಿನಲ್ಲಿ ಗುಡುಗಿದ. ಫಿಂಟನ್ ಮುಂದೆ ಬಾಗಿ, "ಅದು ಪೂರ್ತಿ ಹಾಗಲ್ಲ" ಎಂದದ್ದನ್ನು ಚಪ್ಪಾಳೆ ನುಂಗಿಹಾಕಿತು. ಆಮೇಲೆ ಹೀರೋವನ್ನು ಕಂಡುಹಿಡಿದವನಿಗೂ ಸ್ವಲ್ಪ ಮರ್ಯಾದೆ ಬಂತು. ಕೊಂಕಣಿ ಸಂಘದ ಕ್ರಿಸ್ಮಸ್ ಕೂಟದಲ್ಲಿ, ಕೇರಳದ ಅಂಗಮಾಲಿಯ ನರ್ಸುಗಳ ಗಂಡಂದಿರ ಮುಂದೆ, ಕಾರ್ಗೋ ಕಳಿಸಲು ಹೋದಲ್ಲಿ, ಸಿಲ್ವೆಸ್ಟರ್ ಆ ಫೈನಲ್ಲನ್ನು ಎಷ್ಟು ಸಲ ಆಡಿದನೋ. ಪ್ರತಿ ಸಲವೂ ಫಿಂಟನ್ ಕೊನೆಗೆ ಒಂದು ಗೋಲು ಹೆಚ್ಚು ಹೊಡೆಯುತ್ತಿದ್ದ.

ಕತೆ ಬೆಳೆಸುವುದು ಅವನಿಗೆ ಹೊಸದಲ್ಲ. ಶಾಲೆಯಲ್ಲಿದ್ದಾಗ ಸಿಲ್ವೆಸ್ಟರ್ ಹಾಕಿಯ ಗೋಲ್‌ಕೀಪರಾಗಿ ತಾಲೂಕು ಮಟ್ಟದಲ್ಲಿ ಆಡಿದ್ದು ನಿಜ. ಮಂಗಳೂರಿನಲ್ಲಿ ವಿಮಾನ ಹತ್ತುವಾಗ ತಾಲೂಕು ಮಟ್ಟದಲ್ಲಿದ್ದ ಆ ಆಟ ಅರಬ್ಬಿ ಸಮುದ್ರ ದಾಟುವಷ್ಟರಲ್ಲಿ ಜಿಲ್ಲೆಗೆ ಏರಿತು. ಇಕಾಮಾ ಎಂಬ ವಾಸದ ಪರವಾನಗಿ ಹೊಸದಾದಂತೆಲ್ಲ ಅದೂ ಬಡ್ತಿ ಪಡೆಯುತ್ತ, ಮಗಳು ಕ್ಲಾರಿಸ್ಸಾ ಹೈಸ್ಕೂಲಿಗೆ ಬರುವ ಹೊತ್ತಿಗೆ ರಾಜ್ಯ ತಂಡದ ಹೊಸ್ತಿಲಿಗೆ ಬಂದು, ಅಲ್ಲಿ ಒಬ್ಬ ಕ್ರೂರ ಆಯ್ಕೆದಾರನಿಂದ ತಡೆಯಲ್ಪಟ್ಟಿತ್ತು. ಆ ಆಯ್ಕೆದಾರನಿಗೆ ಸಿಲ್ವೆಸ್ಟರ್ ಒಂದು ಮೀಸೆ ಕೂಡ ಕೊಟ್ಟಿದ್ದ. ಕ್ಲಾರಿಸ್ಸಾ ಚಿಕ್ಕವಳಿದ್ದಾಗ ಆ ಮೀಸೆಯವನ ಮೇಲೆ ಕೋಪದಿಂದ ಅತ್ತಿದ್ದಳು. ಈಗ ಅಪ್ಪ ಬಾಯಿ ತೆರೆದರೆ ಕಿವಿಗೆ ಇಯರ್‌ಫೋನು ತುರುಕಿಕೊಳ್ಳುತ್ತಾಳೆ. ಅದನ್ನು ಬೆಳವಣಿಗೆ ಎನ್ನುತ್ತಾರಂತೆ. ಹರ್ಲಿಂಗ್ ತಂಡ ಕಟ್ಟಲು ಹೊರಟ ಫಿಂಟನ್, ಐರಿಷರ ಸಂಖ್ಯೆ ಸಾಲದೆ ಶಾಲೆಯಲ್ಲಿ, "ಯಾರಾದರೂ ಹಾಕಿ ಆಡಿದವರಿದ್ದೀರಾ?" ಎಂದು ಕೇಳಿದಾಗ ಸಿಲ್ವೆಸ್ಟರನ ಕೈ ತಾನಾಗಿಯೇ ಮೇಲೆ ಹೋಯಿತು. ಮೊದಲ ದಿನ ಚೆಂಡು ಹೆಲ್ಮೆಟ್ಟಿನ ಸರಳಿಗೆ ಬಡಿದು ತಲೆಯೊಳಗೆ ಇಗರ್ಜಿಯ ಗಂಟೆ ಬಾರಿಸಿತು. ಆದರೂ ಬಿಡಲಿಲ್ಲ. ಗೋಲಿನ ಎರಡು ಕಂಬಗಳ ನಡುವೆ ನಿಂತಾಗ, ಆಡಳಿತ ಸಹಾಯಕನಾಗಿ ಇಡೀ ವಾರ ಎಲ್ಲರ ಹಿಂದೆ ನಿಲ್ಲುವವನು ವಾರಕ್ಕೊಂದು ಸಂಜೆ ಎಲ್ಲರ ಹಿಂದೆ ನಿಲ್ಲುವುದಕ್ಕೇ ಬೇಕಾದವನಾಗುತ್ತಿದ್ದ.

ಕಾರು ಪಟ್ಟಣ ಬಿಟ್ಟು ದಕ್ಷಿಣದ ಹೆದ್ದಾರಿಗೆ ಬಿತ್ತು. ಎರಡೂ ಕಡೆ ಮರಳು, ವಿದ್ಯುತ್ ಕಂಬ, ಮತ್ತೆ ಮರಳು. ಹೋದ ಚಳಿಗಾಲದಲ್ಲಿ ಇದೇ ದಾರಿಯಲ್ಲಿ, ಇದೇ ಸೀಟಿನಲ್ಲಿ ಕೂತು ಫಿಂಟನ್ ತನ್ನ ಆಟದ ಬದುಕನ್ನು ಹೇಳಿದ್ದ. ಸಿಲ್ವೆಸ್ಟರ್ ಕೇಳಿದ್ದಕ್ಕೇ ಹೇಳಿದ್ದು. ನಡಿಗೆ ಬಂದಾಗಿನಿಂದ ಕೈಯಲ್ಲಿ ಹರ್ಲಿ. ಮನೆಯ ಹಿಂದಿನ ಹಟ್ಟಿಯ ಗೋಡೆಗೆ ಚೆಂಡು ಬಡಿದೂ ಬಡಿದೂ ಸುಣ್ಣವೆಲ್ಲ ಉದುರಿತ್ತು. ಹದಿನೆಂಟರ ಒಳಗಿನವರ ತಂಡದಲ್ಲಿ ಅವನದೇ ಹೆಸರು. ಆಮೇಲೆ ಕೌಂಟಿಯ ದೊಡ್ಡ ತಂಡಕ್ಕೆ ಕರೆ ಬಂತು. ಅಲ್ಲಿನ ಕೌಂಟಿ ಎಂದರೆ ನಮ್ಮ ಜಿಲ್ಲೆ. ಅಭಿಮಾನದಲ್ಲಿ ಮಾತ್ರ ದೇಶಕ್ಕಿಂತ ದೊಡ್ಡದು. ಎರಡು ಬೇಸಿಗೆ ಅವನು ಇಪ್ಪತ್ತಾರನೆಯ ನಂಬರಿನ ಅಂಗಿ ತೊಟ್ಟು ಬೆಂಚಿನ ಮೇಲೆ ಕೂತ. ಫೈನಲ್ ದಿನ ಗೆರೆಯುದ್ದಕ್ಕೂ ಓಡಿ ಮೈ ಬಿಸಿ ಮಾಡಿಕೊಳ್ಳಲು ಹೇಳಿದರು, ಓಡಿದ. ಒಬ್ಬನಿಗೆ ಪೆಟ್ಟಾಯಿತು, ಜಾಕೆಟ್ಟು ಬಿಚ್ಚು ಎಂದರು, ಬಿಚ್ಚಿದ. ಅಷ್ಟರಲ್ಲಿ ಪೆಟ್ಟಾದವನು ಎದ್ದು ನಿಂತ. "ನಾನು ಮತ್ತೆ ಜಾಕೆಟ್ಟು ಹಾಕಿಕೊಂಡೆ. ನಾವು ಗೆದ್ದೆವು. ಎಲ್ಲರಿಗೂ ಪದಕ ಕೊಟ್ಟರು, ನನಗೂ" ಎಂದು ಫಿಂಟನ್ ನಕ್ಕಿದ್ದ. ಮುಂದಿನ ವರ್ಷ ಕರೆ ಬರಲಿಲ್ಲ. ಊರಿನ ಕ್ಲಬ್ಬಿಗೆ ತಮ್ಮನ ಜೊತೆ ಆಡಿದ, ಮಂಡಿ ಹೋಗುವವರೆಗೂ ಆಡಿದ, ಒಮ್ಮೆ ಅಲ್ಲಿನ ಸಣ್ಣ ಕಪ್ಪು ಗೆದ್ದ. ಅದರ ಬಗ್ಗೆ ಹೇಳುವಾಗ ಮಾತ್ರ ಅವನ ದನಿ ಏರಿತ್ತು. "ಕುವೈತಿನಲ್ಲಿ ಇದನ್ನು ಯಾರೂ ಕೇಳಿಯೇ ಇರಲಿಲ್ಲ ನೋಡು. ನೀನೇ ಮೊದಲು." ಸಿಲ್ವೆಸ್ಟರನಿಗೆ ಆಗ ಆದದ್ದು ಕನಿಕರವಲ್ಲ, ನಷ್ಟ. ಇಷ್ಟು ವರ್ಷ ಬಂಗಾರವೆಂದು ತೋರಿಸುತ್ತಾ ಬಂದ ಸರ ಗಿಲೀಟು ಎಂದು ಅಕ್ಕಸಾಲಿ ಹೇಳಿದ ಹಾಗೆ. ಅದನ್ನು ಅವನು ಒಳಗೇ ಇಟ್ಟುಕೊಂಡ. ಗಿಲೀಟನ್ನೂ ಜನ ಲಾಕರಿನಲ್ಲಿಡುತ್ತಾರೆ.

ಹೊರಗೆ ಬಂದದ್ದು ಈ ಸೋಮವಾರ. ಓವನ್ ಎಂಬ ಹೊಸ ಮೇಷ್ಟ್ರು ಬಂದಿದ್ದ, ಇಪ್ಪತ್ತೈದರ ಹುಡುಗ, ಐರ್ಲೆಂಡಿನವನೇ. ಚೆಂಡು ತಡೆಯಲೆಂದೇ ಅವನ ತಾಯಿ ಹಡೆದಿರಬೇಕು. ದೋಹಾ ತಂಡ ಬರುತ್ತದೆ, ಇದು ತನ್ನ ಕೊನೆಯ ಆಟ, ಗೋಲಿನಲ್ಲಿ ಓವನ್ ನಿಲ್ಲಲಿ, ಸಿಲ್ ಬದಲಿ ಆಟಗಾರ ಎಂದು ಫಿಂಟನ್ ಬಹಳ ಸೌಮ್ಯವಾಗಿ ಹೇಳಿದ. ಸೌಮ್ಯವಾಗಿ ಹೇಳಿದ್ದೇ ಉರಿಯಿತು. ಸಿಲ್ವೆಸ್ಟರ್, "ತಂಡ ಮುಖ್ಯ, ಮಿಸ್ಟರ್ ಫಿಂಟನ್" ಎಂದು ನಕ್ಕು ನೇರ ಚಹಾದ ಕೋಣೆಗೆ ಬಂದ. ಅಲ್ಲಿ ಸುಕೇಶ ಬಿಸ್ಕೆಟು ಅದ್ದುತ್ತಿದ್ದ, ಟೀಚರುಗಳು ಇದ್ದರು.

"ಎಂತ ಮಾರಾಯ್ರೆ ಸಿಲ್ಲಣ್ಣ, ಮೋರೆ ಹೀಗುಂಟು? ಚಾಂಪಿಯನ್ನರು ಬೈದ್ರಾ?" ಎಂದು ಸುಕೇಶ ಕೇಳಿದ.

"ಎಂತ ಚಾಂಪಿಯನ್? ಆ ಫೈನಲಲ್ಲಿ ಅವ ಗ್ರೌಂಡಿಗೆ ಕಾಲೇ ಇಡ್ಲಿಲ್ಲ. ಬೆಂಚಲ್ಲಿ ಕೂತು ಎದ್ದು ಬಂದ ಜನ. ಕೇಳಿ ಬೇಕಾದ್ರೆ."

"ಅಯ್ಯೋ! ಮತ್ತೆ ನೀವೇ ಅಲ್ವಾ ಮೈಕಲ್ಲಿ ಹೇಳಿದ್ದು?"

"ನನಗೆಂತ ಗೊತ್ತು? ಅವ್ರು ಹೇಳಿದ್ದು ನಾನು ಹೇಳಿದ್ದು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಆ ಕ್ಷಣಕ್ಕೆ ಸಿಲ್ವೆಸ್ಟರನಿಗೇ ತಾನು ಮೋಸ ಹೋದವನು ಎಂಬ ನೋವಾಯಿತು. ಮರುದಿನ ಕಾರಿಡಾರಿನಲ್ಲಿ ಯಾರೋ ಮಗು 'ಬೆಂಚ್ ಸರ್' ಎಂದಿತು. ವಾರ್ಷಿಕ ಕ್ರೀಡೋತ್ಸವದ ಕಪ್ಪಿಗೆ ಫಿಂಟನ್ ಹೆಸರಿಡುವುದೆಂದು ಮೊದಲೇ ತೀರ್ಮಾನವಾಗಿತ್ತು. ಪ್ರಿನ್ಸಿಪಾಲ್ ಮೇಡಂ ಸಿಲ್ವೆಸ್ಟರನನ್ನು ಕರೆದು, "ಆ ಹೆಸರಿನ ವಿಷಯ ಸದ್ಯ ಬೇಡ. ನೀವೇ ಅವರಿಗೆ ಹೇಗಾದರೂ ತಿಳಿಸಿ" ಎಂದರು. ಅದನ್ನೂ ಅವನೇ ತಿಳಿಸಿದ. ಆಡಳಿತ ಸಹಾಯಕನ ಕೆಲಸವೇ ಅದು. ಫಿಂಟನ್ ಅವನನ್ನು ಒಂದು ಗಳಿಗೆ ನೋಡಿ, "ಸರಿ. ಶುಕ್ರವಾರ ಎಷ್ಟೊತ್ತಿಗೆ ಹೊರಡೋಣ?" ಎಂದ. ಇಡೀ ಕುವೈತಿನಲ್ಲಿ ಆ ಸಂಗತಿ ಒಬ್ಬನಿಗೇ ಗೊತ್ತಿತ್ತು ಎಂಬ ಲೆಕ್ಕ ಹಾಕಲು ವ್ಯಾಯಾಮದ ಮೇಷ್ಟ್ರಿಗೂ ಕಷ್ಟವಿಲ್ಲ. ಹಾಗಿದ್ದೂ ಬಾಳೆಹಣ್ಣು ಕೊಡುತ್ತಾನೆ. ಒಂದು ಮಾತು ಬೈಯಬಾರದೇ ಈ ಪುಣ್ಯಾತ್ಮ? ಬೈದಿದ್ದರೆ ತಾನೂ ನಾಲ್ಕು ಮಾತಾಡಿ, ನಾಲ್ಕು ವರ್ಷ ಚೆಂಡು ತಿಂದವನನ್ನು ಬೆಂಚಿಗೆ ಹಾಕಿದಿರಲ್ಲ ಎಂದು ಕೇಳಿ, ಇಬ್ಬರೂ ಖಲಾಸ್ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಫಿಂಟನ್ ಕಿಟಕಿಯಿಂದ ಹೊರಗೆ ಒಂಟೆಗಳನ್ನು ನೋಡಿ, "ಇವನ್ನು ನೋಡದೆ ಇನ್ನು ಹೇಗಿರುವುದೋ" ಎಂದ. ಸಿಲ್ವೆಸ್ಟರನಿಗೆ ಆ ಒಂಟೆಗಳ ಮೇಲೂ ಸಿಟ್ಟು ಬಂತು.

ಪಂದ್ಯ ನಡೆದದ್ದು ವಫ್ರಾದಲ್ಲಿ, ಶಾಲೆಯ ಹುಡುಗನೊಬ್ಬನ ತಂದೆಯ ತೋಟದ ಹಿಂದೆ. ಸೌತೆಕಾಯಿ ಬೆಳೆಯುವ ಪ್ಲಾಸ್ಟಿಕ್ ಮನೆಗಳ ಸಾಲು, ಅದರಾಚೆ ಆ ಶ್ರೀಮಂತ ಯಾವುದೋ ಹುಮ್ಮಸ್ಸಿನಲ್ಲಿ ಬೆಳೆಸಿದ ಹುಲ್ಲಿನ ಮೈದಾನ. ಬೇಲಿಯ ಆಚೆ ತೋಟದ ಕೆಲಸದವರು, ಬಿಹಾರ, ಬಾಂಗ್ಲಾ, ಈಜಿಪ್ಟಿನವರು, ರಜೆಯ ಮಧ್ಯಾಹ್ನ ಬೇರೇನೂ ಇಲ್ಲದ್ದಕ್ಕೆ ಬಂದು ನಿಂತಿದ್ದರು. ಎರಡು ತುದಿಯಲ್ಲೂ ಕಬ್ಬಿಣದ ಎತ್ತರದ ಕಂಬಗಳು, ನಡುವೆ ಅಡ್ಡಪಟ್ಟಿ. ಪಟ್ಟಿಯ ಕೆಳಗೆ ಹೋದರೆ ಗೋಲು, ಮೂರು ಅಂಕ. ಮೇಲೆ ಹೋದರೆ ಒಂದು ಅಂಕ. ಮೇಲೆ ಹೋದರೆ ಬಿಳಿ ಬಾವುಟ, ಕೆಳಗೆ ಹೋದರೆ ಹಸಿರು ಬಾವುಟ ಎತ್ತಲು ಪ್ರತಿ ತುದಿಗೂ ಒಬ್ಬ ಬೇಕು. ಒಂದು ತುದಿಗೆ ಸುಕೇಶನನ್ನು ಬಿರಿಯಾನಿಯ ಆಸೆ ತೋರಿಸಿ ಸಿಲ್ವೆಸ್ಟರನೇ ಹಿಂದಿನ ವಾರ ಒಪ್ಪಿಸಿದ್ದ. ಬಿಳಿ ಕೋಟು ತೊಟ್ಟ ಸುಕೇಶ, ಕಂಪೌಂಡರನ ಹಾಗೆ ಕಾಣುತ್ತಾ, "ಬೆಂಚ್ ಸಾರ್ ಬಂದ್ರಾ?" ಎಂದು ಮೆಲ್ಲನೆ ಕೇಳಿದ. "ಬಾಯಿ ಮುಚ್ಚು ಮಾರಾಯ" ಎಂದ ಸಿಲ್ವೆಸ್ಟರ್.

ದೋಹಾದವರ ವ್ಯಾನಿನಿಂದ ಕೊನೆಗೆ ಇಳಿದವನು ಡೋನಲ್. ಆಡುವವನಲ್ಲ, ಕಲಿಸುವವನು, ಐವತ್ತು ದಾಟಿದ ಎತ್ತರದ ಆಳು. ಅವನನ್ನು ಕಂಡದ್ದೇ ಓವನ್ ಓಡಿಹೋಗಿ ಫೋಟೋ ತೆಗೆಸಿಕೊಂಡ. ಕುವೈತ್ ತಂಡದ ಇತರರೂ ಸುತ್ತುಗಟ್ಟಿದರು. ಆ ಗುಂಪು ಚಿತ್ರದ ನಡುವೆ ಬೆಳ್ಳಿ ಕಪ್ಪು ಹಿಡಿದು ನಿಂತಿದ್ದವನು ಇವನೇ ಎಂದು ಸಿಲ್ವೆಸ್ಟರನಿಗೆ ಗುರುತು ಸಿಕ್ಕಿತು. ಫಿಂಟನ್ ನಿಧಾನಕ್ಕೆ ನಡೆದು ಬಂದು ಕೈ ಚಾಚಿದ.

"ಬಂದದ್ದು ಸಂತೋಷ, ಡೋನಲ್."

"ಆಹಾ, ನೀವೇ ಇಲ್ಲಿಯ ಯಜಮಾನರೇ! ಒಳ್ಳೆ ಕೆಲಸ ಮಾಡಿದ್ದೀರಿ. ನೀವು ಯಾವ ಕೌಂಟಿಯವರು?"

"ನಿಮ್ಮದೇ" ಎಂದ ಫಿಂಟನ್.

ಡೋನಲ್ ನಗುತ್ತಲೇ ಕಣ್ಣು ಕಿರಿದು ಮಾಡಿದ. ಫಿಂಟನ್ ತನ್ನ ಊರಿನ ಹೆಸರು ಹೇಳಿದ. ವರ್ಷ ಹೇಳಿದ. ಆಗ ತನಗೆ ಗಡ್ಡ ಇರಲಿಲ್ಲ, ಕೂದಲಿತ್ತು ಎಂದೂ ಹೇಳಿದ. ಪ್ರತಿ ಮಾತಿಗೂ ಡೋನಲ್‌ನ ಮುಖ ಇನ್ನಷ್ಟು ಸಭ್ಯವಾಗುತ್ತ ಹೋಯಿತು. ಸುತ್ತ ನಿಂತವರೆಲ್ಲ ಸೋಮವಾರದಿಂದ ವಿಷಯ ತಿಳಿದವರು. ಒಬ್ಬ ಬೂಟಿನ ಲೇಸು ನೋಡಿಕೊಂಡ. ಒಬ್ಬನ ತುಟಿಯ ಮೂಲೆ ಅಲುಗಿತು. ತಾನು ಚಹಾದ ಕೋಣೆಯಲ್ಲಿ ಎಸೆದ ಕಲ್ಲು ಇಷ್ಟು ದೂರ ಬಂದು ಈ ಹುಲ್ಲಿನ ಮೇಲೆ ಈ ಮನುಷ್ಯನ ಕಾಲ ಬಳಿ ಬಿದ್ದಿರುವುದು ಸಿಲ್ವೆಸ್ಟರನಿಗೆ ಕಾಣಿಸಿತು. ಅವನಿಗೆ ಗೊತ್ತಿದ್ದ ಔಷಧಿ ಒಂದೇ. ಅವನು ಮುಂದೆ ನುಗ್ಗಿದ.

"ಸರ್, ನಿಮಗೆ ಮರೆತಿರಬೇಕು. ಫೈನಲ್‌ನಲ್ಲಿ ಕೊನೆಯ ಹತ್ತು ನಿಮಿಷ ಇವರೇ ಬಂದದ್ದು. ಆ ಎಡಗಡೆಯಿಂದ..."

"ಸಿಲ್" ಎಂದ ಫಿಂಟನ್. ದನಿ ಏರಲಿಲ್ಲ. "ಬೇಡ." ಆಮೇಲೆ ಡೋನಲ್‌ನ ಕಡೆ ತಿರುಗಿ, "ನಾನು ಆಡಲಿಲ್ಲ. ಇಪ್ಪತ್ತಾರನೆಯ ನಂಬರು. ಕೂತಿದ್ದೆ" ಎಂದ.

ಡೋನಲ್ ಕೆಂಪಾದ. ಸುಳ್ಳು ಹೇಳಲು ಬಾರದ ಮನುಷ್ಯ. "ಬೆಂಚಿನ ಕಡೆ ನಾವು ನೋಡುತ್ತಲೇ ಇರಲಿಲ್ಲ. ಕ್ಷಮಿಸಬೇಕು" ಎಂದ. "ನಾನಾದರೂ ನೋಡುತ್ತಿರಲಿಲ್ಲ" ಎಂದು ಫಿಂಟನ್ ನಕ್ಕ, ಮತ್ತೆ ಇಬ್ಬರೂ ಹುಲ್ಲಿನ ಬಗ್ಗೆ, ಗಾಳಿಯ ಬಗ್ಗೆ ಮಾತಾಡಿಕೊಂಡು ಹೋದರು. ಕೈ ಅರ್ಧ ಎತ್ತಿಕೊಂಡು, ಎಡಗಡೆಯಿಂದ ಬರಲಿದ್ದ ಗೋಲು ಬಾಯಲ್ಲೇ ಉಳಿದು, ಸಿಲ್ವೆಸ್ಟರ್ ಅಲ್ಲೇ ನಿಂತ. ಅವನ ಜೀವನದಲ್ಲಿ ಯಾರೂ ಅವನ ಸುಳ್ಳನ್ನು ಅಷ್ಟು ಮರ್ಯಾದೆಯಿಂದ ತಿರಸ್ಕರಿಸಿರಲಿಲ್ಲ.

ಆಟ ಶುರುವಾಯಿತು. ಒಂದೊಂದು ಕಡೆಗೆ ಏಳೇಳು ಜನ. ಸಿಲ್ವೆಸ್ಟರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಬದಲಿ ಆಟಗಾರರೆಂದು ಇದ್ದವನು ಅವನೊಬ್ಬನೇ, ಆದ್ದರಿಂದ ಬೆಂಚು ಎನ್ನುವುದೂ ಒಂದು ಗೌರವವೇ. ದೋಹಾದವರು ಹೆಚ್ಚುಕಡಿಮೆ ಎಲ್ಲರೂ ಯೌವನದಲ್ಲಿದ್ದರು. ಓವನ್ ಮೊದಲ ಎರಡು ಚೆಂಡು ಅದ್ಭುತವಾಗಿ ತಡೆದ. ಸಿಲ್ವೆಸ್ಟರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಮೂರನೆಯದು ಒಳಗೆ ಹೋದಾಗ ತನಗಾದ ಸುಖವನ್ನು ನೀರು ಕುಡಿದು ನುಂಗಿದ. ಆಮೇಲೆ ಬಹಳ ಹೋದವು. ಎಷ್ಟು ಎಂದು ಎಣಿಸುವುದನ್ನು ತೋಟದ ಕೆಲಸದವರೂ ಬಿಟ್ಟರು. ಅವರು ಮಾತ್ರ ಎಲ್ಲದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು. ಗೋಲಿಗೂ, ಬಿದ್ದವನಿಗೂ, ಹರ್ಲಿ ಮುರಿದು ಎರಡಾದದ್ದಕ್ಕೂ. ಇದರ ನಡುವೆ ಒಮ್ಮೆ ಫಿಂಟನ್ ಚೆಂಡನ್ನು ನೆಲದಿಂದ ಹರ್ಲಿಯ ತುದಿಗೆ ಎತ್ತಿಕೊಂಡ. ಎತ್ತಿದ್ದು ಕಾಣಲೇ ಇಲ್ಲ, ನೆಲದಲ್ಲಿದ್ದದ್ದು ಅಲ್ಲಿತ್ತು. ಹಾಲು ತುಂಬಿದ ಲೋಟ ಒಯ್ಯುವವನ ಹಾಗೆ ಅದನ್ನು ಬ್ಯಾಟಿನ ಮೇಲೆ ಕೂರಿಸಿಕೊಂಡು ಓಡಿದ, ಇಬ್ಬರು ಹುಡುಗರು ಅವನ ಎರಡೂ ಬದಿಯಲ್ಲಿ ತಾವಾಗಿಯೇ ಜಾರಿಹೋದರು. ಮೂರನೆಯವನು ಮೈಮೇಲೆ ಬಂದಾಗ ಚೆಂಡು ಹೊರಗೆ ಹೋಯಿತು, ಅಂಕ ಬರಲಿಲ್ಲ. ಆದರೆ ಆ ಓಟದಷ್ಟು ಹೊತ್ತು ಬೇಲಿಯ ಕಡೆಯಿಂದ ಚಪ್ಪಾಳೆಯಿರಲಿಲ್ಲ, ಸದ್ದೇ ಇರಲಿಲ್ಲ. ಇಷ್ಟು ಬಲ್ಲವನು ಎರಡು ಬೇಸಿಗೆ ಕೂತಿದ್ದ ಎಂದರೆ ನಿಂತವರು ಹೇಗಿದ್ದಿರಬೇಕು ಎಂದು ಸಿಲ್ವೆಸ್ಟರನಿಗೆ ಮೊದಲ ಬಾರಿ ಹೊಳೆಯಿತು. ಇಷ್ಟು ವರ್ಷ ಸುಳ್ಳು ಸೇರಿಸಿ ದೊಡ್ಡದು ಮಾಡಲು ಹೋದ ಸಂಗತಿ, ಸುಮ್ಮನೆ ಇದ್ದ ಹಾಗೆ ಬಿಟ್ಟಿದ್ದರೆ, ಅವನಿಗೆ ಹಿಡಿಯಲಾರದಷ್ಟು ದೊಡ್ಡದಿತ್ತು.

ಎರಡನೆಯ ಅರ್ಧ ಮುಗಿಯುತ್ತ ಬಂದಾಗ ಫಿಂಟನ್ ಮಂಡಿ ಹಿಡಿದು ನಿಂತ. ರೆಫರಿಗೆ ಕೈ ತೋರಿಸಿ ಕುಂಟುತ್ತ ಅಂಚಿಗೆ ಬಂದು, ಹೆಲ್ಮೆಟ್ಟು ಕಳಚಿ, ತನ್ನ ಹರ್ಲಿಯನ್ನು ಸಿಲ್ವೆಸ್ಟರನ ಕಡೆ ಚಾಚಿದ.

"ಹೋಗು. ಗೋಲಿಗಲ್ಲ, ಮುಂದೆ ಹೋಗಿ ನಿಲ್ಲು."

"ನಾನಾ? ಮುಂದೆಯಾ? ಬೇರೆ ಯಾರೂ..."

"ಬೇರೆ ಯಾರೂ ಇಲ್ಲ."

ಸಿಲ್ವೆಸ್ಟರ್ ಹರ್ಲಿ ತೆಗೆದುಕೊಂಡ. ಹಿಡಿಕೆ ಬೆವರಿನಿಂದ ಬಿಸಿಯಾಗಿತ್ತು. ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಎನ್ನಿಸಿತು. "ಮಿಸ್ಟರ್ ಫಿಂಟನ್, ಶಾಲೆಯಲ್ಲಿ ಆ ವಿಷಯ ನಾನೇ..."

"ಗೊತ್ತು" ಎಂದ ಫಿಂಟನ್. "ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಕಟ್ಟಿಕೋ."

ಅಷ್ಟೇ. ಒಂದು ವಾರ ಕಾದ ಬೈಗುಳ ಅದು. ಸಿಲ್ವೆಸ್ಟರ್ ಪಟ್ಟಿ ಕಟ್ಟಿಕೊಂಡು ಓಡಿದ, ಓಡಿದ್ದು ಓಟದ ಹಾಗೆ ಕಾಣಲಿ ಎಂದು ಪ್ರಯತ್ನಪಟ್ಟ. ಎದುರಾಳಿಗಳ ಗೋಲಿನ ಮುಂದೆ ಹೋಗಿ ನಿಂತಾಗ ಅಲ್ಲಿ ಬಹಳ ಏಕಾಂತವಿತ್ತು. ಗೋಲಿನಲ್ಲಿದ್ದ ದೋಹಾದವನು, ನರೆತ ಹುಬ್ಬಿನ ಮನುಷ್ಯ, ಅವನನ್ನು ನೋಡಿ ತಲೆಯಾಡಿಸಿದ. ಈ ತುದಿಯ ಕಂಬದ ಬಳಿ ಸುಕೇಶ ಬಾವುಟಗಳನ್ನು ಕಂಕುಳಲ್ಲಿಟ್ಟು, ಫೋನು ಕಿವಿಗಿಟ್ಟು, ಬೆನ್ನು ತಿರುಗಿಸಿ ಮೂಡುಬಿದಿರೆಯಲ್ಲಿದ್ದ ಹೆಂಡತಿ ವಾರಿಜಳ ಹತ್ತಿರ ತುಳುವಿನಲ್ಲಿ ಟಾಂಕಿಯ ನಲ್ಲಿಯ ಬಗ್ಗೆ ವಾದ ಮಾಡುತ್ತಿದ್ದ. ಚೆಂಡು ಈ ಕಡೆ ಬಂದು ಎಷ್ಟೋ ಹೊತ್ತಾಗಿತ್ತು, ಅವನನ್ನು ದೂರುವಂತಿಲ್ಲ. ಆಗ ಓವನ್, ಇನ್ನೊಂದು ಹೊಡೆತ ತಡೆದ ಸಿಟ್ಟಿನಲ್ಲಿ, ಚೆಂಡನ್ನು ಇಡೀ ಮೈದಾನ ದಾಟಿಸಿ ಹೊಡೆದ. ಅದು ಆಕಾಶದಲ್ಲಿ ಬಹಳ ಹೊತ್ತು ಇತ್ತು. ಸಿಲ್ವೆಸ್ಟರನಿಗೆ ಅದನ್ನು ನೋಡುತ್ತ ಹಲವು ಸಂಗತಿ ನೆನಪಾಗಲು ಸಮಯವಿತ್ತು. ಮೀಸೆಯ ಆಯ್ಕೆದಾರ, ಅಳುವ ಕ್ಲಾರಿಸ್ಸಾ, ಇಸ್ತ್ರಿಯ ಚಡ್ಡಿ. ಆದರೆ ಏನೂ ನೆನಪಾಗಲಿಲ್ಲ. ಚೆಂಡು ಮುಂದೆ ಪುಟಿಯಿತು, ಮತ್ತೊಮ್ಮೆ ಪುಟಿಯಿತು, ಅವನು ಎರಡು ಕೈಯಿಂದ ಬೀಸಿದ. ಕೈಗೆ ಪೆಟ್ಟೇ ತಾಗಲಿಲ್ಲ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ. ತಲೆ ಎತ್ತಿದಾಗ ಚೆಂಡು ಅಡ್ಡಪಟ್ಟಿಯ ಮೇಲೆ, ಎರಡು ಕಂಬಗಳ ಸರಿಯಾದ ನಡುವೆ, ಏನೂ ಅವಸರವಿಲ್ಲದೆ ದಾಟಿ ಸೌತೆಕಾಯಿಯ ಪ್ಲಾಸ್ಟಿಕ್ ಮನೆಯ ಕಡೆಗೆ ಇಳಿಯುತ್ತಿತ್ತು.

ದೂರದಲ್ಲಿ ಉಳಿದಿದ್ದ ರೆಫರಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಬಾವುಟದವನ ಕಡೆ ನೋಡಿದ. ಸುಕೇಶ ಗದ್ದಲಕ್ಕೆ ತಿರುಗಿದ. ಚೆಂಡು ಕಂಬದ ಹಿಂದೆ ಬಿದ್ದಿರುವುದನ್ನೂ ಹೊಡೆದವನು ಯಾರೆಂಬುದನ್ನೂ ಕಂಡ. ಎರಡನ್ನೂ ಕೂಡಿಸಿ ಒಂದು ನ್ಯಾಯವಾದ ತೀರ್ಮಾನಕ್ಕೆ ಬಂದು, ಫೋನು ಹಿಡಿದ ಕೈಯನ್ನೂ ಸೇರಿಸಿ ಎರಡೂ ಕೈ ಅಗಲಿಸಿದ. ಹೊರಗೆ. ರೆಫರಿ ಗಡಿಯಾರ ನೋಡಿ ಕೊನೆಯ ಸೀಟಿ ಊದಿದ. ಬೇಲಿಯ ಆಚೆಯಿಂದ ಚಪ್ಪಾಳೆ ಬಂತು, ಅವರದ್ದು ಎಲ್ಲರಿಗೂ ಒಂದೇ. ಸರಿಯಾಗಿ ಕಂಡವನು ದೋಹಾದ ಗೋಲ್‌ಕೀಪರೊಬ್ಬನೇ. ಅವನು ಸಿಲ್ವೆಸ್ಟರನನ್ನು ನೋಡಿದ, ಕಂಬ ನೋಡಿದ, ನರೆತ ಹುಬ್ಬು ಏರಿಸಿ ಇಳಿಸಿದ. ಗೆದ್ದವರ ಕಡೆಯವನಿಗೆ ಸಾಕ್ಷಿ ಹೇಳುವ ಉಮೇದು ಎಲ್ಲಿಂದ ಬರಬೇಕು? ಸಿಲ್ವೆಸ್ಟರ್ ಅಂಚಿನ ಕಡೆ ತಿರುಗಿದ. ಫಿಂಟನ್ ಮೈದಾನಕ್ಕೆ ಬೆನ್ನು ಮಾಡಿ, ಬಗ್ಗಿ, ಮಂಡಿಯ ಪಟ್ಟಿ ಬಿಚ್ಚುತ್ತಿದ್ದ. ಪಕ್ಕದಲ್ಲಿ ಡೋನಲ್ ಅವನಿಗೆ ಮಂಜುಗಡ್ಡೆಯ ಚೀಲ ಹಿಡಿದುಕೊಂಡು ನಿಂತಿದ್ದ.

"ಎಂತ ಸಿಲ್ಲಣ್ಣ, ಒಳ್ಳೆ ಬೀಸಿದ್ರಿ. ಸ್ವಲ್ಪದರಲ್ಲಿ ಹೋಯ್ತಲ್ಲ" ಎಂದ ಸುಕೇಶ. "ಬಿರಿಯಾನಿ ಯಾವ ಕಾರಲ್ಲುಂಟು?"

ಸಿಲ್ವೆಸ್ಟರ್ ರೆಫರಿಯ ಕಡೆ ಒಂದು ಹೆಜ್ಜೆ ಇಟ್ಟ. ಈಗ ರೆಫರಿಯ ಬಳಿ ಓಡಿ, ಸಾರ್, ಒಳಗೇ ಹೋದದ್ದು, ಮೇಲಿಂದ, ಸರಿಯಾದ ನಡುವಿನಿಂದ ಎಂದರೆ? ಹೇಳುವವನು ಯಾರು ಎಂದು ಎಲ್ಲರಿಗೂ ಗೊತ್ತು. ಆಟಕ್ಕೆ ಮೊದಲಷ್ಟೇ ಇನ್ನೊಂದು ಫೈನಲ್ಲಿನ ಎಡಗಡೆಯಿಂದ ಗೋಲು ಹೊಡೆಸಲು ಹೋದವನು. "ಓವನ್ನನ ಕಾರಲ್ಲುಂಟು" ಎಂದ.

ಹಿಂತಿರುಗುವಾಗ ಫಿಂಟನ್ ಮಂಡಿಯ ಮೇಲೆ ಮಂಜಿನ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದ್ದ. ನಿದ್ದೆ ಬಂದಿದೆ ಎಂದು ಸಿಲ್ವೆಸ್ಟರ್ ರೇಡಿಯೋ ಸಣ್ಣದು ಮಾಡಿದ.

"ಕೊನೆಗೆ ಒಂದು ಹೊಡೆದೆಯಂತೆ" ಎಂದ ಫಿಂಟನ್, ಕಣ್ಣು ತೆರೆಯದೆ. "ಹೊರಗೆ ಹೋಯಿತು ಅಂದರು."

"ಹೌದು, ಮಿಸ್ಟರ್ ಫಿಂಟನ್."

"ಪರವಾಗಿಲ್ಲ. ಹೊಡೆತ ಹೇಗಿತ್ತು?"

"ಕೈಗೆ ಗೊತ್ತೇ ಆಗಲಿಲ್ಲ."

ಫಿಂಟನ್ ಕಣ್ಣು ತೆರೆದು ಅವನನ್ನು ಸ್ವಲ್ಪ ಹೊತ್ತು ನೋಡಿದ. ರುಮೈಥಿಯಾದಲ್ಲಿ ಇಳಿದು, ಹರ್ಲಿಗಳ ಕಟ್ಟು ಹೆಗಲಿಗೇರಿಸಿ, ಕಿಟಕಿಯಿಂದ ಕೈ ಒಳಗೆ ಚಾಚಿ ಸಿಲ್ವೆಸ್ಟರನ ಕೈ ಕುಲುಕಿದ. ಕಟ್ಟಡದ ಮೆಟ್ಟಿಲನ್ನು ಒಂದೊಂದಾಗಿ, ಕಂಬಿ ಹಿಡಿದು ಏರಿದ. ಅವನು ಕಣ್ಮರೆಯಾಗುವವರೆಗೂ ಕಾರು ಹೊರಡಿಸಲು ಸಿಲ್ವೆಸ್ಟರನಿಗೆ ನೆನಪಾಗಲಿಲ್ಲ, ಹಿಂದಿನ ಗಾಡಿಯವನು ಹಾರ್ನ್ ಬಾರಿಸಿ "ಯಲ್ಲಾ, ಯಲ್ಲಾ" ಎಂದು ಕೂಗಿದ.

ಮನೆಯಲ್ಲಿ ಇಸಾಬೆಲ್ ಆಸ್ಪತ್ರೆಯ ಸಂಜೆಯ ಡ್ಯೂಟಿಗೆಂದು ಯುನಿಫಾರ್ಮು ತೊಟ್ಟು ಕೂದಲು ಕಟ್ಟಿಕೊಳ್ಳುತ್ತಿದ್ದಳು. ಕ್ಲಾರಿಸ್ಸಾ ಊಟದ ಮೇಜಿಗೆ ಕಾಲು ತಾಗಿಸಿ ಫೋನು ನೋಡುತ್ತಿದ್ದಳು. ಬಂಗುಡೆ ಸಾರು ಮುಟ್ಟದೆ ಹೋದದ್ದು ಆಗಲೇ ಪತ್ತೆಯಾಗಿತ್ತು.

"ಸೋತ್ರಾ?" ಎಂದಳು ಇಸಾಬೆಲ್, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು.

"ಸೋತೆವು. ತುಂಬ."

"ನಿಮಗೆ ಆಡ್ಲಿಕ್ಕೆ ಸಿಕ್ತಾ?"

ಇಪ್ಪತ್ತು ವರ್ಷಗಳಿಂದ ಸಿಲ್ವೆಸ್ಟರ್ ಕಾಯುತ್ತಿದ್ದ ಪ್ರಶ್ನೆ ಅದು. ಈ ಸಲ ಉತ್ತರಕ್ಕೆ ಉಪ್ಪು ಹುಳಿ ಏನೂ ಬೇಕಿರಲಿಲ್ಲ. ಎಲ್ಲ ನಾಲಿಗೆಯ ತುದಿಯಲ್ಲಿ, ಹೇಗಿತ್ತೋ ಹಾಗೇ ಇತ್ತು. ಅವನು ಕುರ್ಚಿ ಎಳೆದು ಕೂತ.

"ಇಲ್ಲ" ಎಂದ. "ಆದ್ರೆ ಕೊನೆಗೆ ಒಂದು ಬಂತು. ಆ ತುದಿಯಿಂದ ಹೊಡೆದದ್ದು, ತುಂಬ ಎತ್ತರ. ಫಿಂಟನ್ ಒಬ್ಬನೇ ನಿಂತಿದ್ದ ಅಲ್ಲಿ, ಮಂಡಿ ಹೋಗಿತ್ತು ಅವನದ್ದು, ಓಡ್ಲಿಕ್ಕೆ ಆಗ್ತಿರಲಿಲ್ಲ. ಚೆಂಡು ಎರಡು ಸಲ ಪುಟಿಯಿತು. ಎರಡು ಕೈಯಿಂದ ಬೀಸಿದ. ಸದ್ದೇ ಬರಲಿಲ್ಲ, ಗೊತ್ತುಂಟಾ? ಅಷ್ಟು ಸರಿಯಾಗಿ ತಾಗಿತ್ತು. ಪಟ್ಟಿಯ ಮೇಲಿಂದ, ನಡುವಿನಿಂದಲೇ, ಮೆಲ್ಲ ಹೋಯ್ತು. ಆ ಬಾವುಟದ ಸುಕೇಶ ಫೋನಲ್ಲಿದ್ದ, ನೋಡ್ಲಿಲ್ಲ. ಲೆಕ್ಕಕ್ಕೆ ಬರಲಿಲ್ಲ ಅದು. ಫಿಂಟನ್ ಏನೂ ಹೇಳಲಿಲ್ಲ, ಸುಮ್ಮನೆ ಬಂದ."

ಇಸಾಬೆಲ್ ಕ್ಲಿಪ್ಪು ಕೈಗೆ ತೆಗೆದುಕೊಂಡಿದ್ದಳು. ಕ್ಲಾರಿಸ್ಸಾ ಯಾವಾಗಲೋ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದ್ದಳು. ಅಪ್ಪನ ಮುಖವನ್ನು, ಬಹಳ ವರ್ಷದ ಮೇಲೆ, ಇಯರ್‌ಫೋನು ಇಲ್ಲದೆ ನೋಡುತ್ತಿದ್ದಳು.

"ಯೂ ಸಾ ಇಟ್, ಡ್ಯಾಡಾ?"

"ನೋಡಿದೆ" ಎಂದ ಸಿಲ್ವೆಸ್ಟರ್. "ಬೆಂಚಲ್ಲಿ ಕೂತಿದ್ದೆನಲ್ಲ. ಅಲ್ಲಿಂದ ಎಲ್ಲ ಚೆಂದ ಕಾಣ್ತದೆ."